ಮಾಗಿ ರಾತ್ರಿ ಕರೆಂಟು ಹೋದರೆ ನಾಯಿಯನ್ನು ಮೊದಲು ಒಳಗೆ ತನ್ನಿ

ಕರೆಂಟು ಹೋಗೋದು ಮಳೆಗಾಲದ ಕಾಯಿಲೆ ಅಂತ ಹುಣಸೂರು, ಪಿರಿಯಾಪಟ್ಟಣದ ಕಡೆ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಡಿಸೆಂಬರ್‌ನಲ್ಲೂ ಬಂಗಾಳ ಕೊಲ್ಲಿ ಸುಮ್ಮನಿರಲ್ಲ. 2024ರ ಡಿಸೆಂಬರ್ ಮೊದಲ ವಾರ ಫೆಂಜಲ್ ಚಂಡಮಾರುತದಿಂದ ನಮ್ಮ ಜಿಲ್ಲೆಗೂ ಜಡಿಮಳೆ ಹಿಡಿದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಇಂಥ ಹೊತ್ತಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ತೋಟದ ಮನೆಗೆ ಕರೆಂಟು ಬರೋದು ಎಲ್ಲರಿಗಿಂತ ಕೊನೆಗೆ. ಆಗ ನಮಗೆ ನೆನಪಾಗೋದು ಮೊಬೈಲು, ಮೋಟಾರು. ಬಾಗಿಲಲ್ಲಿ ಸರಪಳಿ ಹಾಕಿಸಿಕೊಂಡ ನಾಯಿ, ಬಲ್ಬಿನ ಕೆಳಗಿದ್ದ ಕೋಳಿಮರಿ ನೆನಪಾಗೋದು ಬೆಳಿಗ್ಗೆ.

ನಾಯಿ ಇರೋದೇ ಕಾವಲಿಗೆ, ಕತ್ತಲಾದರೆ ಇನ್ನೂ ಹೊರಗಿರಬೇಕು ಅನ್ನೋರು ಬಹಳ. ನಾನು ಒಪ್ಪಲ್ಲ. ಬೀದಿದೀಪ, ಅಂಗಳದ ಬಲ್ಬು ಎರಡೂ ಆರಿದ ರಾತ್ರಿ ಕಟ್ಟಿಹಾಕಿದ ನಾಯಿ ಕಾವಲುಗಾರ ಅಲ್ಲ, ಚಿರತೆಗೆ ಇಟ್ಟ ಎಡೆ. ಬಿಚ್ಚಿದ್ದರೆ ಓಡಿಯಾದರೂ ಉಳಿಯುತ್ತಿತ್ತು. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ, ಅಂದರೆ ಕಾಡಿಲ್ಲದ ಕಬ್ಬಿನ ಸೀಮೆಯಲ್ಲಿ, ವಿದ್ಯಾ ಆತ್ರೇಯ ಅವರ ತಂಡ ಚಿರತೆಯ ಹಿಕ್ಕೆ ಪರೀಕ್ಷಿಸಿತು. ಅದರ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಸುಮಾರು 39% ನಾಯಿಯೇ. ಕೆ.ಆರ್. ನಗರದ ಕಬ್ಬಿನ ಗದ್ದೆಯವರು ಕೋಟೆಯವರಷ್ಟೇ ಎಚ್ಚರವಾಗಿರಬೇಕು ಅನ್ನೋದಕ್ಕೆ ಇಷ್ಟು ಸಾಕು. ಕೊಟ್ಟಿಗೆಗೆ ಗಟ್ಟಿ ಬಾಗಿಲಿದ್ದರೆ ಕೊಟ್ಟಿಗೆ, ಇಲ್ಲದಿದ್ದರೆ ನಡುಮನೆ. ಒಳಗಿದ್ದೂ ಅದು ಬೊಗಳುತ್ತೆ, ನಮಗೆ ಬೇಕಾದದ್ದೂ ಅಷ್ಟೇ ತಾನೆ?

ಚಳಿಯ ವಿಷಯದಲ್ಲಿ ದೊಡ್ಡ ನಾಯಿ, ದೊಡ್ಡ ದನದ ಚಿಂತೆ ಅಷ್ಟಿಲ್ಲ. ನೆಲ ಒಣಗಿರಬೇಕು, ಗಾಳಿ ನೇರ ಹೊಡೆಯಬಾರದು, ಕೆಳಗೆ ಗೋಣಿಚೀಲ ಅಥವಾ ಒಣಹುಲ್ಲು ಇರಬೇಕು. ಕಷ್ಟ ಎಳೆಯವಕ್ಕೆ. ಹುಟ್ಟಿದ ಮೊದಲ ಎರಡು ವಾರ ನಾಯಿಮರಿಗೆ ಮೈಬಿಸಿ ತಾನೇ ಉಳಿಸಿಕೊಳ್ಳೋಕೆ ಬರಲ್ಲ, ತಾಯಿಯಿಂದ ಬೇರೆ ಮಾಡಬೇಡಿ. ಕೋಳಿಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಬಲ್ಬು ಆರಿದ ತಕ್ಷಣ ಜಾಗ ಚಿಕ್ಕದು ಮಾಡಿ. ಭತ್ತದ ಹೊಟ್ಟಿನ ಹಾಸು ದಪ್ಪ ಮಾಡಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಇಟ್ಟು, ಮೇಲೆ ಮಂಕರಿ ಕವುಚಿ. ಮಂಕರಿಯ ಕಿಂಡಿ ಪೂರ್ತಿ ಮುಚ್ಚಬೇಡಿ. ಮರಿಗಳು ಒಂದರ ಮೇಲೊಂದು ಗುಪ್ಪೆಯಾದರೆ ಚಳಿ ಅಂತ ಅರ್ಥ, ಬಾಟಲಿಯಿಂದ ದೂರ ಹೋಗಿ ಬಾಯಿ ತೆರೆದರೆ ಸೆಕೆ. ನೀರು ಆರುತ್ತೆ, ಎರಡು ಮೂರು ಗಂಟೆಗೊಮ್ಮೆ ಎದ್ದು ಬದಲಾಯಿಸಲೇಬೇಕು.

ಬಾಟಲಿ ಗೋಳು ಯಾಕೆ, ಇದ್ದಿಲು ಬಾಂಡ್ಲಿ ಇಟ್ಟರಾಯ್ತಲ್ಲ ಅನ್ನಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದ ಕೆಂಡವನ್ನೇ ನಾವು ಒಳ್ಳೇ ಕೆಂಡ ಅಂತ ನಂಬ್ತೀವಿ, ಅಲ್ಲೇ ಅಪಾಯ. ಕೋಳಿ, ಬೆಕ್ಕು, ಪಕ್ಕದಲ್ಲಿ ಮಲಗಿದ ಮಕ್ಕಳು, ಎಲ್ಲರನ್ನೂ ನಿದ್ದೆಯಲ್ಲೇ ಕೊಂಡೊಯ್ಯುತ್ತೆ. ಜನರೇಟರ್ ಕೂಡ ಜಗುಲಿಗೆ ಬರಬಾರದು, ಬಯಲಲ್ಲೇ ಇರಲಿ. ಬೆಕ್ಕಿರೋ ಮನೆಯಲ್ಲಿ ಮೇಣದಬತ್ತಿ ಕೂಡ ಬೇಡ, ಒಂದು ಸೋಲಾರ್ ಲಾಟೀನು ಸಾಕು.

ಮೋಟಾರು ನಿಂತರೆ ನೀರೂ ಇಲ್ಲ. ಹಾಲು ಕೊಡೋ ಹಸು ಚಳಿಗಾಲದಲ್ಲೂ ದಿನಕ್ಕೆ 40 ಲೀಟರ್‌ಗೆ ಕಡಿಮೆ ಕುಡಿಯಲ್ಲ ಅಂತಿಟ್ಟುಕೊಂಡು, ಎರಡು ದಿನದ ಲೆಕ್ಕಕ್ಕೆ ಡ್ರಮ್ಮು ತುಂಬಿಸಿಡಿ.

ಇನ್ನು ರಾತ್ರಿ ತ್ರೀ ಫೇಸ್. 2023ರ ಬರದಲ್ಲಿ ಏಳು ಗಂಟೆಯ ಕರೆಂಟು ಐದಕ್ಕೆ ಇಳಿದಾಗ ರೈತರು ಬೀದಿಗಿಳಿದರು, ಸರ್ಕಾರ ಮತ್ತೆ ಏಳಕ್ಕೆ ಏರಿಸಿತು. ಎಷ್ಟು ಗಂಟೆ ಅನ್ನೋ ಜಗಳ ಆಯ್ತು, ಯಾವ ಹೊತ್ತಲ್ಲಿ ಅನ್ನೋದು ಹಾಗೇ ಉಳೀತು. ನಡುರಾತ್ರಿ ಕರೆಂಟು ಕೊಟ್ಟರೆ ಬ್ಯಾಟರಿ ಹಿಡಿದು ಹೋಗೋನು ರೈತ, ಹಿಂದೆ ಹೋಗೋದು ಅವನ ನಾಯಿ. ಕಾಡಂಚಿನ ಫೀಡರ್‌ಗಳಿಗಾದರೂ ಹಗಲು ಕರೆಂಟು ಕೊಡಿ ಅಂತ ಕೇಳೋದು ಹೆಚ್ಚಿನ ಬೇಡಿಕೆ ಅಲ್ಲ.

ಫ್ರಿಜ್‌ನಲ್ಲಿ ಕೋಳಿಯ ಲಸೋಟ ಲಸಿಕೆ ಇಟ್ಟಿದ್ದರೆ ಬಾಗಿಲು ಪದೇ ಪದೇ ತೆಗೀಬೇಡಿ. ಮುಚ್ಚಿದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತೆ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹಾಗಾಗಿ ರಾತ್ರಿಯಿಡೀ ಕರೆಂಟಿಲ್ಲದೆ ಕೂತ ಸೀಸೆಯನ್ನು ಮರಿಗಳಿಗೆ ಹಾಕಬೇಡಿ. ಬೆಳಿಗ್ಗೆ ದನ, ನಾಯಿ ಬಿಡೋ ಮೊದಲು ತಂತಿ ಎಲ್ಲಾದರೂ ಬಿದ್ದಿದೆಯಾ ಅಂತ ದೂರದಿಂದಲೇ ನೋಡಿ. ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಪ್ರಾಣಿಗೆ ಹುಷಾರಿಲ್ಲದಿದ್ದರೆ ಪಶು ಸಂಜೀವಿನಿಯ ನಂಬರ್ 1962, ಚಿರತೆ ಕಂಡರೆ ಅರಣ್ಯ ಇಲಾಖೆಯದು 1926. ಮೂರನ್ನೂ ಇವತ್ತೇ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ, ಆ ರಾತ್ರಿ ಮೊಬೈಲಲ್ಲಿ ಹುಡುಕುವಷ್ಟು ಚಾರ್ಜ್ ಇರಲ್ಲ.