ಹೊಸ ಕಾರಿಗೆ ಮೊದಲ ಖರ್ಚು ಯಾವುದು?



ಕಳೆದ ತಿಂಗಳು ಮಡಕಶಿರಾದಲ್ಲಿ ನಮ್ಮ ಚಿಕ್ಕಪ್ಪನ ಮನೆ ಮುಂದೆ ಹೊಸ ಕಾರೊಂದು ಬಂದು ನಿಂತಿತು. ಫೋಕ್ಸ್‌ವ್ಯಾಗನ್ ವರ್ಟಸ್, 1.5 ಲೀಟರ್ ಟರ್ಬೊ ಎಂಜಿನ್, ಆಟೊಮ್ಯಾಟಿಕ್ ಗೇರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ಸಾಲ ಮಾಡಿ ಕೊಂಡದ್ದು. ಸಿಹಿ ಹಂಚಿ ಮುಗಿಯುವ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ.

"ಅಣ್ಣಾ, ಒಂದೂವರೆ ಲಕ್ಷ ಎತ್ತಿಟ್ಟಿದ್ದೀನಿ. ಮೊದಲು ಯಾವುದು ಮಾಡಿಸ್ಲಿ?"

ಎಂಜಿನ್ ಶಕ್ತಿ ಹೆಚ್ಚಿಸುವ ರೀಮ್ಯಾಪ್, ದೊಡ್ಡ ಸದ್ದಿನ ಎಕ್ಸಾಸ್ಟ್, ಕಾರನ್ನು ತಗ್ಗಿಸುವ ಸ್ಪ್ರಿಂಗ್, 17 ಇಂಚಿನ ಅಲಾಯ್ ಚಕ್ರ, ಕಿಟಕಿಗೆ ಕಪ್ಪು ಫಿಲಂ. ಇಷ್ಟೂ ಇತ್ತು ಪಟ್ಟಿಯಲ್ಲಿ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಚಿಕ್ಕಪ್ಪ, "ಯಾಕೋ, ಹೊಸ ಕಾರು ಆಗ್ಲೇ ಕೆಟ್ಟೈತಾ?" ಅಂದರು. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆಯನ್ನು ನಾನು ನಕ್ಕು ಬಿಟ್ಟುಬಿಡಲಾರೆ. ವರ್ಟಸ್, ಸ್ಲಾವಿಯಾ, ವರ್ನಾ ಟರ್ಬೊಗಳು ಈಗ ನಮ್ಮ ಊರುಗಳಿಗೂ ಬರುತ್ತಿವೆ. ಪಟ್ಟಿ ಹಿಡಿದುಕೊಂಡ ತಮ್ಮಂದಿರು ನಿಮ್ಮ ಮನೆಗಳಲ್ಲೂ ಇದ್ದಾರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಾರುಗಳಿಗೆ ಓಡುವ ಶಕ್ತಿ ಸಾಲದೆ ಬಂದಿಲ್ಲ. ಮೊದಲ ದುಡ್ಡು ಹೋಗಬೇಕಾದದ್ದು ಕಾರನ್ನು ನಿಲ್ಲಿಸುವುದಕ್ಕೆ, ಒಳಗೆ ಕೂತವರನ್ನು ಕಾಪಾಡುವುದಕ್ಕೆ.

ಲೆಕ್ಕ ನೋಡಿ. ತಮ್ಮನ ಕಾರಿನ ಎಂಜಿನ್ 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ವರ್ನಾ ಟರ್ಬೊ 160 ಪಿಎಸ್, 253 ನ್ಯೂಟನ್ ಮೀಟರ್. ಮಡಕಶಿರಾದಿಂದ ಶಿರಾಕ್ಕೋ, ಪಾವಗಡ-ಕಲ್ಯಾಣದುರ್ಗದ ಮೇಲೆ ರಾಯದುರ್ಗಕ್ಕೋ ಹೋಗುವ ದಾರಿಯಲ್ಲಿ ಇಷ್ಟು ಶಕ್ತಿಯನ್ನು ಪೂರ್ತಿ ಬಳಸುವ ಜಾಗ ಎಲ್ಲಿದೆ? ತಿರುವು ದಾಟಿದರೆ ಕುರಿಮಂದೆ, ಕತ್ತಲಾದರೆ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್. ವೇಗ 60ರಿಂದ 120ಕ್ಕೆ ಏರಿದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ರೀಮ್ಯಾಪ್ ಮಾಡಿಸಿದರೆ ಈ ದೂರ ಒಂದು ಅಡಿಯೂ ಕಡಿಮೆಯಾಗುವುದಿಲ್ಲ.

ರೀಮ್ಯಾಪ್ ಬಗ್ಗೆ ಇನ್ನೂ ಒಂದು ಮಾತಿದೆ. ತಮ್ಮನ ಕಾರಿನಲ್ಲಿರುವುದು ಏಳು ಗೇರಿನ ಡಿಎಸ್‌ಜಿ, ಒಣ ಕ್ಲಚ್ಚಿನದು. ಆ ಗೇರ್‌ಬಾಕ್ಸ್ ತಡೆಯಬಲ್ಲದು ಎಂದು ತಯಾರಕರು ಇಟ್ಟಿರುವ ಮಿತಿಯೇ 250 ನ್ಯೂಟನ್ ಮೀಟರ್. ಅಂದರೆ ಕಾರು ಶೋರೂಮಿನಿಂದ ಬರುವಾಗಲೇ ಅಂಚಿನಲ್ಲಿದೆ. ಅದರ ಮೇಲೆ ಮತ್ತಷ್ಟು ಹೊರಿಸಿ, ಗೇರ್‌ಬಾಕ್ಸ್ ಕೈಕೊಟ್ಟಾಗ ವಾರಂಟಿ ಕೇಳಲು ಹೋದರೆ ಏನು ಉತ್ತರ ಬರುತ್ತದೆ ಅಂತ ಹೇಳಬೇಕಾಗಿಲ್ಲ. ನಮ್ಮ ಕಡೆಯ ಬೇಸಿಗೆಯನ್ನೂ ಮರೆಯಬಾರದು. ಟರ್ಬೊ ಗಾಳಿಯನ್ನು ಒತ್ತುವಾಗ ಅದು ಕಾಯುತ್ತದೆ. ಹೊರಗಿನ ಗಾಳಿಯೇ 40 ಡಿಗ್ರಿ ಇದ್ದಾಗ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ತಗ್ಗಿಸುತ್ತದೆ. ದುಡ್ಡು ಕೊಟ್ಟು ಕೊಂಡ ಹೆಚ್ಚುವರಿ ಶಕ್ತಿಯಲ್ಲಿ ಒಂದಿಷ್ಟು ಹೀಗೇ ಹೋಗುತ್ತದೆ.

ಇನ್ನು ತಗ್ಗಿಸುವ ಸ್ಪ್ರಿಂಗ್. ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳೇ ಕಣವಾಗುತ್ತವೆ. ರಾಗಿ, ಹುರುಳಿ ಬಳ್ಳಿ ಹಾಸಿರುತ್ತಾರೆ. ಅದು ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿ ಎಕ್ಸಾಸ್ಟ್ ಪೈಪಿಗೆ ತಾಗಿ ಹೊತ್ತಿಕೊಂಡದ್ದುಂಟು. ಕಾರನ್ನು ಇನ್ನೂ ಎರಡು ಬೆರಳು ಕೆಳಗಿಳಿಸಿದರೆ ಆ ಅಪಾಯವನ್ನು ನಾವೇ ಹತ್ತಿರಕ್ಕೆ ಎಳೆದುಕೊಂಡಂತೆ. 17 ಇಂಚಿನ ಚಕ್ರಕ್ಕೆ ಟಯರಿನ ಪಕ್ಕದ ಗೋಡೆ ತೆಳುವಾಗುತ್ತದೆ. ಒಂದು ಗುಂಡಿಗೆ ಬಿದ್ದರೆ ಸಾಕು, ಟಯರು ಉಬ್ಬಿಕೊಳ್ಳುತ್ತದೆ, ಇಲ್ಲವೇ ರಿಮ್ಮು ಬಾಗುತ್ತದೆ.

ಎಕ್ಸಾಸ್ಟ್ ಬಗ್ಗೆ ನಾನು ಉಪದೇಶ ಮಾಡಿದರೆ ಅದು ಬೂಟಾಟಿಕೆ. 22ರ ವಯಸ್ಸಿನಲ್ಲಿ ರಾಯದುರ್ಗದಲ್ಲಿದ್ದಾಗ ನನ್ನ ಬೈಕಿಗೂ ಸೈಲೆನ್ಸರ್ ಬದಲಾಯಿಸಿದ್ದೆ. ರಾತ್ರಿ ಕೆಲಸ ಮುಗಿಸಿ ಬೀದಿಗೆ ತಿರುಗುವಾಗ ಬೇಕೆಂದೇ ಒಮ್ಮೆ ಆಕ್ಸಿಲೇಟರ್ ತಿರುವುತ್ತಿದ್ದೆ. ಮೂರನೇ ಮನೆಯ ಅಜ್ಜಿಗೆ ಹೃದಯದ ತೊಂದರೆ ಇತ್ತು. ಅವರು ಒಂದು ದಿನವೂ ಬೈಯಲಿಲ್ಲ. "ನೀನು ಬಂದ ಮೇಲೇ ನಂಗೆ ನಿದ್ದೆ ಕಣಪ್ಪಾ. ಅದಕ್ಕೆ ಮುಂಚೆ ಮಲಗಿದ್ರೆ ಬೆಚ್ಚಿ ಏಳ್ತೀನಿ" ಅಂದರು, ಅಷ್ಟೇ. ಮರುದಿನ ಹಳೆಯ ಸೈಲೆನ್ಸರ್ ಹಾಕಿಸಿದೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು ಆಗಬಹುದು. ಕಪ್ಪು ಫಿಲಂಗೆ 2012ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ನಾವು ಗಡಿಯವರು. ವಾರಕ್ಕೊಮ್ಮೆ ಊರಿಗೆ ಬಂದು ಹೋಗುವವರು ಎರಡು ರಾಜ್ಯಗಳ ಪೊಲೀಸರ ಮುಂದೆ ಹಾಯಬೇಕು. ಅಪಘಾತವಾದಾಗ ವಿಮೆಯವರಿಗೆ ತಿಳಿಸದ ಬದಲಾವಣೆ ಕಂಡುಬಂದರೆ ಪರಿಹಾರಕ್ಕೇ ತೊಡಕು.

ಹಾಗಾದರೆ ಏನನ್ನೂ ಮಾಡಿಸಲೇಬಾರದೇ? ಹಾಗೇನಿಲ್ಲ. ಕಾರಿನ ಮೇಲಿನ ಆಸೆ ತಪ್ಪಲ್ಲ. ದುಡಿದು ಕೊಂಡ ವಸ್ತುವನ್ನು ಚೆನ್ನಾಗಿಟ್ಟುಕೊಳ್ಳುವ ಖುಷಿ ಒಳ್ಳೆಯದೇ. ತಮ್ಮನಿಗೆ ನಾನು ಬರೆದುಕೊಟ್ಟ ಪಟ್ಟಿ ಇದು.

ಮೊದಲ 5,000 ಕಿಲೋಮೀಟರ್ ಏನನ್ನೂ ಬದಲಿಸಬೇಡ. ಕಾರು ಎಲ್ಲಿ ಜಾರುತ್ತದೆ, ಎಲ್ಲಿ ತಡವಾಗಿ ನಿಲ್ಲುತ್ತದೆ ಎಂದು ನಿನಗೇ ಗೊತ್ತಾಗಲಿ. ಈ ಅವಧಿಯಲ್ಲಿ ಬೇಕಾದದ್ದು ಗಾಳಿ ತುಂಬುವ ಸಣ್ಣ ಪಂಪು, ಒಂದು ಡ್ಯಾಶ್‌ಕ್ಯಾಮ್, ಬೆಂಕಿ ಆರಿಸುವ ಸಣ್ಣ ಸಿಲಿಂಡರ್. ಅಕ್ಕನ ಮಗು ಬರುವುದಾದರೆ ಒಂದು ಮಕ್ಕಳ ಸೀಟು. 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವರ್ಟಸ್, ಸ್ಲಾವಿಯಾ ಎರಡಕ್ಕೂ ಮಕ್ಕಳ ಸುರಕ್ಷತೆಯಲ್ಲಿ ಐದು ಸ್ಟಾರ್ ಬಂದಿದೆ. ಮಗು ತೊಡೆಯ ಮೇಲೆ ಕೂತಿದ್ದರೆ ಆ ಸ್ಟಾರುಗಳಿಂದ ಪ್ರಯೋಜನವಿಲ್ಲ.

ಎರಡನೆಯದು ಟಯರು. ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ಎಂಜಿನ್ ಎಷ್ಟೇ ದೊಡ್ಡದಿರಲಿ, ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಎಲ್ಲವೂ ಅದರ ಮೇಲೇ ನಿಂತಿದೆ. ಕಂಪನಿಯದೇ ಅಳತೆ, 205/55 ಆರ್16ರಲ್ಲಿ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಒಳ್ಳೆಯ ಟಯರು ಹಾಕಿಸು. ನಿಜವಾಗಿ ವ್ಯತ್ಯಾಸ ಗೊತ್ತಾಗುವ ಬದಲಾವಣೆ ಇದೊಂದೇ.

ಮೂರನೆಯದು ಬ್ರೇಕು. ಪ್ಯಾಡ್ ಸವೆದಾಗ ಅಗ್ಗದ್ದು ಹಾಕಿಸಬೇಡ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸು. ನಾಲ್ಕನೆಯದು ಹೆಡ್‌ಲೈಟಿನ ಎತ್ತರ ಸರಿಮಾಡಿಸುವುದು. ಕಣ್ಣು ಕುಕ್ಕುವ ಬಲ್ಬು ಹಾಕಿಸಿ ಎದುರು ಬರುವ ಬೈಕಿನವನನ್ನು ಹಳ್ಳಕ್ಕೆ ಇಳಿಸಬೇಡ. ಇನ್ನೊಂದು, ಅಂಗಡಿಯವರು ಮೊದಲ ವಾರವೇ ಹಾಕಿಕೊಡುವ ಸೀಟ್ ಕವರ್. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆ. ಬಿಗಿಯಾದ ಕವರ್ ಅದನ್ನು ತಡೆಯಬಹುದು. ಏರ್‌ಬ್ಯಾಗಿಗೆ ಜಾಗ ಬಿಟ್ಟು ಹೊಲಿದದ್ದೇ ಆಗಬೇಕು.

ಇಷ್ಟೆಲ್ಲ ಮಾಡಿದರೂ ಒಂದೂವರೆ ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಅದನ್ನು ಸಾಲಕ್ಕೆ ಕಟ್ಟು ಅಂದೆ. ಆ ಸಾಲಕ್ಕೆ ಜಾಮೀನು ಹಾಕಿದವರು ಚಿಕ್ಕಪ್ಪ.

ತಂದೆತಾಯಿಯರಿಗೂ ಒಂದು ಮಾತು. ಪಟ್ಟಿ ನೋಡಿದ ಕೂಡಲೇ ಬೈಯಬೇಡಿ. ಬೈದರೆ ಅವರು ನಿಮಗೆ ಗೊತ್ತಾಗದಂತೆ ಮಾಡಿಸಿಕೊಂಡು ಬರುತ್ತಾರೆ. ಒಂದು ಸಂಜೆ ಮಗನ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತು ಊರಾಚೆ ಹೋಗಿ ಬನ್ನಿ. ಕಾರಿನ ಯಾವುದು ಅವನಿಗೆ ಇಷ್ಟ ಎಂದು ಕೇಳಿ.

ಕಳೆದ ವಾರ ತಮ್ಮ ಫೋನ್ ಮಾಡಿದ್ದ. ರೀಮ್ಯಾಪ್ ಆಸೆ ಇನ್ನೂ ಪೂರ್ತಿ ಬಿಟ್ಟಿಲ್ಲ. "ವಾರಂಟಿ ಮುಗಿಯೋವರೆಗೂ ತಡೀತೀನಿ ಅಣ್ಣಾ" ಅಂದ. ಟಯರು ಮಾತ್ರ ಬದಲಿಸಿದ್ದಾನೆ. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಬೆಲ್ಟ್ ಹಾಕಿಕೊಳ್ಳುವುದನ್ನು ಕಲಿತಿದ್ದಾರಂತೆ. ಸದ್ಯಕ್ಕೆ ಅಷ್ಟು ಸಾಕು.