ಆಯಿಯ ಲೆಕ್ಕ, ಶಿವಡಿಯ ಹಕ್ಕಿ

ಮುಂಬಯಿಯಲ್ಲಿ ವರ್ಷಗಟ್ಟಲೆ ಇದ್ದೂ ಸಮುದ್ರವನ್ನು ಚೌಪಾಟಿಯ ಭೇಳಪುರಿಯೊಡನೆ ಮಾತ್ರ ನೋಡಿದವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬ. ಆದ್ದರಿಂದ ಈ ಸಲ ವಾಚಕರನ್ನು ಬೇರೊಂದು ದಂಡೆಗೆ ಕರೆದೊಯ್ಯುತ್ತೇನೆ. ಹಾರ್ಬರ್ ಮಾರ್ಗದ ಶಿವಡಿ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ಸುಮಾರು ಇಪ್ಪತ್ತು ನಿಮಿಷ ನಡೆದರೆ ಹಳೆಯ ಧಕ್ಕೆ. ಅದರ ಮುಂದೆ ಕೆಸರು ಬಯಲು, ಕಾಂಡ್ಲಾ ಗಿಡಗಳು. ನವೆಂಬರಿನಿಂದ ಮೇವರೆಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು.

ಮೊದಲು ನಮ್ಮ ಫಜೀತಿಯನ್ನು ಹೇಳಿಬಿಡುತ್ತೇನೆ. 2025ರ ಮೇ ತಿಂಗಳು, ಹುಣ್ಣಿಮೆಯ ಹಿಂದಿನ ದಿನ, ಭಾನುವಾರ. ಮಗನನ್ನು ಕರೆದುಕೊಂಡು ನಡುಮಧ್ಯಾಹ್ನ ಅಲ್ಲಿಗೆ ಹೋದೆ. ಕೆಸರೂ ಇಲ್ಲ, ಹಕ್ಕಿಯೂ ಇಲ್ಲ, ಬರೀ ನೀರು. ಬೆವರು ಒರೆಸಿಕೊಳ್ಳುತ್ತ ಮನೆಗೆ ಮರಳಿದೆವು.

ಮನೆಯಲ್ಲಿ ಆಯಿ ಇದ್ದಳು. ಕಣ್ಣಿನ ಪೊರೆ ತೆಗೆಸಲೆಂದು ಅಘನಾಶಿನಿ ದಂಡೆಯ ಊರಿನಿಂದ ಬಂದವಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಬಳಿ ಕೂತು ದಿನ ನೂಕುತ್ತಿದ್ದಳು. ಏನು ಹೇಳಹೋದರೂ "ಆಯಿ, ಇದು ಊರಲ್ಲ, ಮುಂಬಯಿ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಮಳೆಗೆ ಮುಂಚೆ ಅವಳು ಊರಿಗೆ ಹೊರಡುವುದೆಂದು ಗೊತ್ತಾಗಿತ್ತು.

"ಹುಣ್ಣಿಮೆ, ಅಮಾವಾಸ್ಯೆಗೆ ನಡುಮಧ್ಯಾಹ್ನ ಭರತ. ಆಗ ಹೋದರೆ ಹಕ್ಕಿ ಎಲ್ಲಿ ನಿಲ್ಲಬೇಕು ತಮ್ಮಾ?" ಎಂದಳು. "ದಿನಕ್ಕೆ ಎರಡು ಗಳಿಗೆ ತಡ. ಬರುವ ಭಾನುವಾರಕ್ಕೆ ಹದಿನಾಲ್ಕು ಗಳಿಗೆ. ಐದೂವರೆ ಸುಮಾರಿಗೆ ತುಂಬುತ್ತದೆ. ಮೂರಕ್ಕೆ ಅಲ್ಲಿರು."

ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಾದವರ ಮನೆಯ ಲೆಕ್ಕ ಅದು. ಫೋನಿನ ವೇಳಾಪಟ್ಟಿ ತೆಗೆದು ನೋಡಿದೆ. ವ್ಯತ್ಯಾಸ ಒಂದು ಗಂಟೆಗಿಂತ ಕಡಿಮೆ! ಈ ಸಲ ಆಯಿಯನ್ನೂ ಹೊರಡಿಸಿದೆ.

ಶಿವಡಿಯಲ್ಲಿ ಇಳಿದಾಗ ಸುಡುಬಿಸಿಲು. ಅರ್ಧ ದಾರಿಯಲ್ಲಿ ಪೂರ್ವದ ಬೆಟ್ಟಗಳ ಮೇಲಿನ ಮೋಡ ಮುಗಿಲೆಲ್ಲ ಹರಡಿತು. ಧೂಳೆಬ್ಬಿಸಿ ಗಾಳಿ ಬೀಸಿತು. ಕೊಡೆ ಮೇಲೆ ಮಗುಚಿತು. ಗೋದಾಮಿನ ಸೂರಿನಡಿ ನಿಂತು, "ಹಿಂದಿರುಗೋಣ" ಎಂದೆ. "ಇದು ಹಾದುಹೋಗುವ ಮಳೆ, ತಡಿ" ಎಂದಳು ಆಯಿ. ಕಾಲು ಗಂಟೆಯಲ್ಲಿ ಮತ್ತೆ ಬಿಸಿಲು!

ಧಕ್ಕೆಗೆ ಬಂದಾಗ ದೂರದಲ್ಲಿ ಒಂದು ಗುಲಾಬಿ ಗೆರೆ. ನೀರು ಏರುತ್ತ ಬಂದಂತೆ ಗೆರೆ ಒಡೆದು ಹಕ್ಕಿಗಳಾಯಿತು. ಹೆಜ್ಜೆ ಹೆಜ್ಜೆಯಾಗಿ ನಮ್ಮತ್ತ ಸರಿಯಿತು. ಹೆಚ್ಚಿನವು ಕಪ್ಪುಗೆಂಪು ಕೊಕ್ಕಿನ ಸಣ್ಣ ಜಾತಿಯವು. ನಡುನಡುವೆ ಗುಲಾಬಿ ಕೊಕ್ಕಿಗೆ ಕಪ್ಪು ತುದಿಯಿದ್ದ ಎತ್ತರದವು. ತಲೆ ಕೆಳಗೆ ಮಾಡಿ, ಕೊಕ್ಕಿನಿಂದ ಕೆಸರುನೀರನ್ನು ಸೋಸಿ ತಿನ್ನುತ್ತಿದ್ದವು. ಪಾಚಿಯಂಥ ಆ ಆಹಾರದಿಂದಲೇ ಅವುಗಳಿಗೆ ಆ ಬಣ್ಣ. ಆಚೆಗೆ 2024ರಲ್ಲಿ ತೆರೆದ, 21.8 ಕಿಲೋಮೀಟರಿನ ಸೇತುವೆ. ಇದೇ ಖಾರಿಯ ಮೇಲ್ಭಾಗ, ಠಾಣೆಯ ಕಡೆಗೆ, 2015ರಿಂದ ಇವುಗಳ ಅಭಯಾರಣ್ಯ.

ಆಯಿ ಹೊಸ ಕಣ್ಣಿಂದ ಬಹಳ ಹೊತ್ತು ನೋಡಿದಳು.

"ಇವುಗಳ ಊರು ಯಾವುದಜ್ಜಿ?" ಎಂದ ಮಗ.

"ನಿನ್ನಪ್ಪನನ್ನು ಕೇಳು."

"ಮರಿ ಮಾಡುವುದು ಕಚ್ಛದ ರಣದಲ್ಲಿ. ಮಳೆಗೆ ಮುಂಚೆ ಹೊರಟುಹೋಗುತ್ತವೆ" ಎಂದೆ.

"ಹಾಗಾದರೆ ನನಗೂ ಜೊತೆಯಾಯಿತು" ಎಂದು ನಕ್ಕಳು ಆಯಿ. ನನಗೆ ಮಾತ್ರ ನಗು ಬರಲಿಲ್ಲ. ಐದು ತಿಂಗಳು ಮನೆಯಲ್ಲಿದ್ದವಳನ್ನು ನಾನು ಕೇಳಿದ್ದು ಎಷ್ಟು ಮಾತು?

ಈಗ ಆಯಿ ಊರಲ್ಲಿದ್ದಾಳೆ. ಭಾನುವಾರ ಮಗ ಫೋನು ಮಾಡಿ, "ಅಜ್ಜಿ, ಇವತ್ತು ಭರತ ಎಷ್ಟಕ್ಕೆ?" ಎಂದು ಕೇಳುತ್ತಾನೆ. ಹೇಳಲು ಅವಳಿಗೆ ಎಲ್ಲಿಲ್ಲದ ಉತ್ಸಾಹ.

ಹೋಗುವವರಿಗೆ ಎರಡು ಮಾತು. ಭರತಕ್ಕೆ ಎರಡು ಮೂರು ಗಂಟೆ ಮುಂಚೆ ತಲುಪಿರಿ. ಕೊಡೆ ಇರಲಿ, ದುರ್ಬೀನಿದ್ದರೆ ಒಳ್ಳೆಯದು. ಕೆಸರಿಗೆ ಮಾತ್ರ ಇಳಿಯಬೇಡಿ. ಮನೆಯಲ್ಲಿ ಕರಾವಳಿಯ ಹಿರಿಯರಿದ್ದರೆ ಹೊರಡುವ ಹೊತ್ತನ್ನು ಅವರನ್ನೇ ಕೇಳಿ. ಆಮೇಲೆ ಅವರನ್ನೂ ಕರೆದುಕೊಂಡು ಹೋಗಿ.