ಕತ್ತಿಗೆ ಗಾಜಿನ ಪೆಟ್ಟಿಗೆ, ಕೌದಿಗೆ ಸ್ಟೀಲಿನ ಬೋಗುಣಿ

ಮೊನ್ನೆ ಬೈಲಹೊಂಗಲಕ್ಕೆ ಹೋದಾಗ ಬಾಗಿಲಲ್ಲೇ ನಮ್ಮವ್ವನ ವ್ಯಾಪಾರ ನಡೆದಿತ್ತು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳ ಮುಂದೆ ನಮ್ಮ ಆಯಿ ಹೊಲಿದ ಕೌದಿ ಬಿದ್ದಿತ್ತು. ಬದಲಿಗೆ ಒಂದು ಸ್ಟೀಲಿನ ಬೋಗುಣಿ. ನಾನು ಕೌದಿ ಎಳೆದುಕೊಂಡೆ.

"ಹರಕ ಅರಬಿ ಹಿಡಕೊಂಡ ಏನ್ ಮಾಡಾಂವ ಅದೀಯೋ?" ಅಂದಳು ಅವ್ವ.

ಅವಳ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ಇತಿಹಾಸದ ಬಗ್ಗೆ ಪುಟಗಟ್ಟಲೆ ಬ್ಲಾಗ್ ಬರೆಯೋ ನಮ್ಮಂಥವರ ಮೇಲೆ. ನಾನೂ ಸೇರಿದ ಹಾಗೆ.

ನಮಗೆ ಇತಿಹಾಸ ಅಂದ್ರೆ ಕಲ್ಲು, ಕಬ್ಬಿಣ ಅಷ್ಟೇ. ಕಿತ್ತೂರು ಅಂದ್ರೆ ೧೮೨೪, ಥ್ಯಾಕರೆ, ಕತ್ತಿ. ಸವದತ್ತಿ ಅಂದ್ರೆ ರಟ್ಟರು, ಶಾಸನ, ಕೋಟೆ. ಚೆನ್ನಮ್ಮ ಸೆರೆಯಲ್ಲಿದ್ದು ೧೮೨೯ರಲ್ಲಿ ತೀರಿಕೊಂಡದ್ದು ನಮ್ಮೂರಲ್ಲೇ, ಸಮಾಧಿಯೂ ಇಲ್ಲೇ ಇದೆ. ಆ ನಾಲ್ಕು ವರ್ಷ ಆಕೆ ಉಟ್ಟ ಸೀರೆ ಯಾವ ಮಗ್ಗದ್ದು, ನೂಲು ಎಲ್ಲಿಯದು ಅಂತ ನಮ್ಮಲ್ಲಿ ಯಾರಾದರೂ ಕೇಳಿದ್ದೇವಾ? ಪ್ರತಿಮೆಗೆ ಉಡಿಸಿದ್ದು ಶಿಲ್ಪಿಯ ಕಲ್ಪನೆಯ ಸೀರೆ.

"ಬಟ್ಟೆ ಮಣ್ಣಾಗಿ ಹೋಗತ್ತಲ್ರೀ" ಅನ್ನಬಹುದು. ನಿಜ, ನಮ್ಮ ಎರಿಮಣ್ಣು, ಮಳೆ, ಗೆದ್ದಲು ಏನನ್ನೂ ಬಿಡೋದಿಲ್ಲ. ಆದರೆ ಉಳಿದಾಗ ಏನಾಗತ್ತೆ ನೋಡಿ. ೧೯೩೮ರಲ್ಲಿ ಅಮೆರಿಕದ ಒರೆಗಾನ್‌ನ ಫೋರ್ಟ್ ರಾಕ್ ಗುಹೆಯಲ್ಲಿ ಲೂಥರ್ ಕ್ರೆಸ್‌ಮನ್ ಅಗೆದಾಗ, ಜ್ವಾಲಾಮುಖಿಯ ಬೂದಿಯ ಕೆಳಗೆ ಹತ್ತಾರು ಚಪ್ಪಲಿ ಸಿಕ್ಕವು. ಗಿಡದ ತೊಗಟೆಯ ನಾರಲ್ಲಿ ಹೆಣೆದವು. ಬೂದಿಯ ಕೆಳಗಿದ್ದ ಮೇಲೆ ಅದಕ್ಕಿಂತ ಹಳೆಯವೇ ಆಗಬೇಕಲ್ಲ! ಮುಂದೆ ಕಾರ್ಬನ್ ಪರೀಕ್ಷೆಯಲ್ಲಿ ಒಂಬತ್ತು ಸಾವಿರ ವರ್ಷಕ್ಕೂ ಹಳೆಯವು ಅಂತ ಗೊತ್ತಾಯ್ತು. ಹೆಣಿಗೆ ನೋಡಿಯೇ ಅದೇ ಸೀಮೆಯ ಆಮೇಲಿನ ಚಪ್ಪಲಿಗಳಿಂದ ಇವನ್ನ ಬೇರೆ ಮಾಡ್ತಾರೆ. ಅಷ್ಟು ದೂರ ಯಾಕೆ, ನಮ್ಮ ದಖ್ಖನ್ನಿನಲ್ಲೇ, ಮಹಾರಾಷ್ಟ್ರದ ನೇವಾಸಾದಲ್ಲಿ, ಮೂರು ಸಾವಿರ ವರ್ಷ ಹಿಂದಿನ ತಾಮ್ರದ ಮಣಿಸರದಲ್ಲಿ ದಾರ ಉಳಿದಿತ್ತು. ತಾಮ್ರದ ಕಿಲುಬು ನೂಲನ್ನು ಕಾಪಾಡಿತ್ತು! ಮಣಿ ತೊಳೆದು ಫಳಫಳ ಮಾಡಿಟ್ಟಿದ್ರೆ ಮುಗೀತಿತ್ತು ಕತೆ.

ಇನ್ನು ಚಪ್ಪಲಿ. ಜೂನ್ ೨೦೨೫ರಲ್ಲಿ ಮಿಲಾನಿನ ಷೋದಲ್ಲಿ ಪ್ರಾಡಾದವರು ಕೊಲ್ಹಾಪುರಿ ಥರದ್ದನ್ನ ತೋರಿಸಿದಾಗ ನಾವೆಲ್ಲ ಎಷ್ಟು ಹಾರಾಡಿದೆವು! ಆ ಚಪ್ಪಲಿಗೆ ೨೦೧೯ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ; ನಮ್ಮ ಬೆಳಗಾವಿಯೂ ಒಂದು. ಸರಿ, ನಿಮ್ಮ ಮುತ್ತಜ್ಜನ ಕಾಲದ ಒಂದು ಜೊತೆ, ಹೊಲಿದವರ ಹೆಸರು, ಊರು ಬರೆದಿಟ್ಟದ್ದು, ನಿಮ್ಮ ಮನೇಲಿದೆಯಾ? ನಮ್ಮನೇಲೂ ಇಲ್ಲ. ಹರಳಯ್ಯ ತನ್ನ ತೊಡೆಯ ಚರ್ಮದಲ್ಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆ ಕೇಳಿ ಕಣ್ಣೀರು ಹಾಕ್ತೇವೆ. ಹೊಲಿದವರನ್ನೇ ಬಾಗಿಲ ಹೊರಗೆ ನಿಲ್ಲಿಸಿದವರು ಅವರ ಚಪ್ಪಲಿಯನ್ನ ಒಳಗಿಟ್ಟು ಕಾಪಾಡ್ತಾರಾ?

ಕೌದಿಗೆ ಬರ್ತೀನಿ. ಸಂಜೆ ಒಂದು ಮೂಲೆ ಬಿಚ್ಚಿದೆ. ಮೇಲೆ ಮಿಲ್ಲಿನ ಹೂವಿನ ಪ್ರಿಂಟು. ಅದರ ಕೆಳಗೆ ಇಳಕಲ್ ಸೀರೆಯ ತುಂಡು. ಒಡಲಿಗೂ ಸೆರಗಿಗೂ ಎಳೆಗೆ ಎಳೆ ಸೇರಿಸಿ ಹಾಕಿದ ಕೊಂಡಿ ಇನ್ನೂ ಗಟ್ಟಿ. ನಡುವೆ ಖಣದ ತ್ರಿಕೋನ. ಎಲ್ಲಕ್ಕಿಂತ ಒಳಗೆ ಒರಟು ಬಿಳಿ ಬಟ್ಟೆ. ಒಂದೆಳೆ ಎಳೆದು ನೋಡಿದೆ: ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ, ಕೈನೂಲಿನ ಥರ. ಸಾಫ್ಟ್‌ವೇರಿನಲ್ಲಿ ನಾವು ವರ್ಷನ್ ಹಿಸ್ಟರಿ ಅಂತ ಒದ್ದಾಡೋದು ಇದನ್ನೇ ಅಲ್ವಾ? ಆಯಿ ಸೂಜಿ ದಾರದಲ್ಲಿ ಮಾಡಿಟ್ಟಿದ್ದಳು.

ಅವ್ವ ಕನ್ನಡಕ ಹಾಕ್ಕೊಂಡು ಪಕ್ಕಕ್ಕೆ ಬಂದು ಕೂತಳು. "ಇದು ನನ್ನ ಮದವಿ ಕುಬಸ. ಇದು ನಿನ್ನ ತೊಟ್ಟಿಲ ಅರಬಿ." ಹೇಳಿದ್ದೆಲ್ಲ ಟೈಪ್ ಮಾಡ್ಕೊಂಡೆ, ಒಟ್ಟು ಹದಿನಾಲ್ಕು ತುಂಡು. ಆ ಬಿಳಿ ಬಟ್ಟೆ ಮಾತ್ರ ಅವಳಿಗೂ ಗೊತ್ತಿಲ್ಲ. ಆಯಿಯ ತವರು ರಾಮದುರ್ಗ, ನೇಕಾರರ ಊರು. ಅಲ್ಲಿ ಆಯಿಯ ತಂಗಿ ಇನ್ನೂ ಇದ್ದಾಳೆ, ಎಂಬತ್ತು ದಾಟಿದೆ, ಕಿವಿ ಮಂದ. ಬರೋ ರವಿವಾರ ಕೌದಿ ಹೊತ್ಕೊಂಡು ಹೋಗ್ತೀನಿ.

ಬೋಗುಣಿನ ನಾನೇ ರೊಕ್ಕ ಕೊಟ್ಟು ತಗೊಂಡೆ. ಇಲ್ಲಾಂದ್ರೆ ಅವ್ವ ಮಾತಾಡಿಸ್ತಿರಲಿಲ್ಲ.